ನಾಗಲಕ್ಷ್ಮಿ ಇಳಿಸಿದ ಶ್ರುತಿ

ಹೊಳೆನರಸೀಪುರದ ನಾಗಲಕ್ಷ್ಮಿ ಅಂದರೆ ಹಾಸ್ಯನಾಟಕದ ಜಗಳಗಂಟಿ ಹೆಂಡತಿ. ಊರ ಗಂಡಸರೇ ಬಣ್ಣ ಹಚ್ಚುವ ನಾಟಕಗಳಿಗೆ ಹೆಣ್ಣುಪಾತ್ರಕ್ಕೆ ಹೊರಗಿನ ಕಲಾವಿದೆಯರನ್ನು ಕರೆಸುವುದು ಈ ಕಡೆಯ ವಾಡಿಕೆ. ಲಂಗ ತೊಡುವ ವಯಸ್ಸಿನಿಂದ ಹಾಸನದ ಸುತ್ತ ಅವಳು ಹಾಡದ ಸ್ಟೇಜಿಲ್ಲ. ಹಾಡಿದ್ದೆಲ್ಲ ಕಪ್ಪು ಐದರಲ್ಲಿ, ಹಾರ್ಮೋನಿಯಂನ ಆ ಏರು ಶ್ರುತಿಯಲ್ಲೇ. ಹೋದ ವರ್ಷ ಥೈರಾಯ್ಡ್ ಆಪರೇಷನ್ ಆಯಿತು ನೋಡಿ, ದನಿ ಮೇಲೇರುವಾಗಲೇ ಕೈಕೊಡತೊಡಗಿತು. ಸುದ್ದಿ ಹಬ್ಬಿದರೆ ಇನ್ನು ಯಾರು ಕರೆಯುತ್ತಾರೆ? ಅವಳು ಬಾಯಿ ಬಿಡಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ರುದ್ರಯ್ಯನವರ ಕಿವಿಯಲ್ಲಿ ಮಾತ್ರ, ತಗ್ಗಿನ ಬಿಳಿ ನಾಲ್ಕು ಹಿಡಿಯಿರಿ ಎಂದು ಬೇಡಿಕೊಂಡಿದ್ದಳು.

ಅರಕಲಗೂಡಿನಲ್ಲಿ ಹಗಲು ನಾಟಕ. ಪರದೆ ಎದ್ದಿತು. ಮೇಷ್ಟ್ರ ಬೆರಳು, ಅಭ್ಯಾಸಬಲ ಎನ್ನಿ, ನೆಟ್ಟಗೆ ಕಪ್ಪು ಐದಕ್ಕೇ ಹೋಗಿ ಕೂತಿತು! ಪುಣ್ಯಾತ್ಮ, ಕಣ್ಣು ಮುಚ್ಚಿ ತಲೆ ಬೇರೆ ತೂಗುತ್ತಿದ್ದರು. ನಾಗಲಕ್ಷ್ಮಿಗೆ ಜೀವ ಬಾಯಿಗೆ ಬಂತು. ಹಾಡಿದರೆ ದನಿ ಒಡೆಯುತ್ತದೆ, ಸುಮ್ಮನಿದ್ದರೆ ಮಾನ ಹೋಗುತ್ತದೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಾಟಕದ ಗಂಡ ಕೃಷ್ಣಪ್ಪನವರ ಕಡೆ ತಿರುಗಿದಳು. ತೆಂಗಿನ ತೋಟದ ಗೌಡರು, ಆಸೆಗೆ ಪಾತ್ರ ಮಾಡುವವರು.

"ದಿನಾ ನಾನೇ ಬಾಯ್ ಬಡ್ಕೋಬೇಕಾ? ಇವತ್ತು ನೀನೇ ಹಾಡಯ್ಯಾ!"

ಕೃಷ್ಣಪ್ಪ ತಬ್ಬಿಬ್ಬಾದರೂ ಬಾಯಿ ತೆರೆದರು. ಆ ಎತ್ತರದಲ್ಲಿ ಹೊರಟ ಸದ್ದಿಗೆ ಜನ ಬಿದ್ದು ಬಿದ್ದು ನಕ್ಕರು. ನಗು ನಿಲ್ಲುವ ಮೊದಲೇ ಅವಳು ಹಾರ್ಮೋನಿಯಂ ಕಡೆ ಕೈಮುಗಿದಳು.

"ಮೇಷ್ಟ್ರೇ, ನಮ್ ಗಂಡ ಹೆಂಡ್ತಿ ಇಬ್ರಿಗೂ ವಯಸ್ಸಾಯ್ತು. ನನ್ ಗಂಟ್ಲು ಅಷ್ಟೆತ್ರಕ್ಕೆ ಹೋಗಲ್ಲ. ವಸಿ ಇಳ್ಸಿ!"

ಜನ ಮತ್ತೂ ನಕ್ಕರು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಊರೆದುರೇ ಒದರಿಬಿಟ್ಟಿದ್ದಳು, ಅದನ್ನೂ ನಾಟಕವೆಂದುಕೊಂಡರು. ರುದ್ರಯ್ಯ ನಾಲಿಗೆ ಕಚ್ಚಿಕೊಂಡು ಶ್ರುತಿ ಬದಲಿಸಿದರು. ಅವಳು ಹಾಡಿದಳು. ದನಿ ದಪ್ಪಗಾಗಿತ್ತು, ಆದರೆ ಒಡೆಯಲಿಲ್ಲ. "ಒನ್ಸ್ ಮೋರ್" ಎಂದು ಕೂಗು ಎದ್ದಾಗ ಅವಳಿಗೆ ಅಳುವೇ ಬಂದುಬಿಟ್ಟಿತು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಬಾಗೂರಿನ ನಾಟಕ ಸಂಘದ ದೇವರಾಜು ಒಳಗೆ ಬಂದ.

"ಅಕ್ಕಾ, ಈ ವರ್ಸಾನೂ ನಮ್ಮೂರ್ ನಾಟಕಕ್ಕೆ ನೀವೇ ಬರ್ಬೇಕು."

ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಮನಸ್ಸು ಒಪ್ಪಲಿಲ್ಲ.

"ನಾನಂದಿದ್ದು ತಮಾಷೆಗಲ್ಲ ಕಣಪ್ಪ. ಆಪರೇಷನ್ ಆಗೈತೆ. ಇನ್ಮೇಲೆ ಏರು ಶ್ರುತಿ ನನ್ ಕೈಲಾಗಲ್ಲ."

ದೇವರಾಜು ಅವಳ ಮುಖವನ್ನೇ ನೋಡಿದ. ಆಮೇಲೆ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತ.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಅಕ್ಕ? ನಿಮ್ ಜೊತೆ ಹಾಡ್ಬೇಕು ಅಂತ ಇಷ್ಟ್ ವರ್ಸ ನಾವೂ ಅಷ್ಟೆತ್ರಕ್ಕೆ ಕಿರುಚಿ ಕಿರುಚಿ ಸತ್ತೋಗಿದ್ವಿ. ನೀವ್ ಇಳ್ಸುದ್ರೆ ನಾವೂ ಬದುಕ್ಕೋತೀವಿ. ತಾರೀಕ್ ಹೇಳಿ!"

ನಾಗಲಕ್ಷ್ಮಿ ನಕ್ಕಳು. ದನಿ ನಡುವೆ ಒಡೆಯಿತು. ಲೆಕ್ಕಿಸದೆ ಇನ್ನೂ ಜೋರಾಗಿ ನಕ್ಕಳು.