ಮನೆಯದ್ದು ಕಡೆಗೆ

ಹೆಣ ಮಲಗಿಸಲು ಜಗಲಿ ಖಾಲಿಯಾಗಬೇಕಿತ್ತು. ಕಲ್ಪನಾ ಅಪ್ಪನ ರಿಪೇರಿ ಮೇಜಿನ ಸುತ್ತ ಇದ್ದ ಗ್ರಾಮೋಫೋನುಗಳನ್ನು ಒಂದೊಂದಾಗಿ ಎತ್ತಿ ಒಳಕೋಣೆಗೆ ಒಯ್ಯುತ್ತಿದ್ದಳು. ಹಿತ್ತಾಳೆಯ ತುತ್ತೂರಿಯೊಂದು ಬಾಗಿಲಿಗೆ ತಾಗಿ ಠಣ್ಣೆಂದಿತು.

"ನಿಧಾನ. ಅವರು ಬೈತಾರೆ," ಎಂದಳು ತಾಯಿ ಮಾದೇವಿ. ಆಮೇಲೆ ತಾನೇ ಬಂದು ತುತ್ತೂರಿಯ ಇನ್ನೊಂದು ತುದಿ ಹಿಡಿದಳು.

ಹಳೆಯ ಗ್ರಾಮೋಫೋನಾಗಲಿ, ಚಾವಿ ಕೊಟ್ಟರೆ ಹಾಡುವ ಪೆಟ್ಟಿಗೆಯಾಗಲಿ ಕೆಟ್ಟರೆ ಹೊನ್ನಾವರದ ಮಾಸ್ತಿ ನಾಯ್ಕರ ಬಳಿಯೇ ಬರಬೇಕಿತ್ತು. ನಿನ್ನೆ ಸಂಜೆ ಅವರು ಆ ಮೇಜಿನೆದುರು ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಹೋದ ವಾರ ಕುಮಟಾದ ಡಾಕ್ಟರ ಹತ್ತಿರ ಒಬ್ಬರೇ ಹೋಗಿಬಂದು, ಬರೀ ಗ್ಯಾಸ್ ಅಂದಿದ್ದರು. ಅವರಿಗೆ ಗೊತ್ತಿತ್ತೇ, ಗೊತ್ತಿದ್ದೂ ಹೇಳಲಿಲ್ಲವೇ ಎಂಬುದೇ ಬೆಳಗಿನಿಂದ ಮಾದೇವಿಯನ್ನು ಕೊರೆಯುತ್ತಿತ್ತು.

ಅಂಗಳದಲ್ಲಿ ಕುಮಟಾದ ಮುದುಕ ಸುದರ್ಶನ ಶಾನಭಾಗರು ಕೂತಿದ್ದರು. ಅವರ ಗ್ರಾಮೋಫೋನು ರಿಪೇರಿಗೆ ಬಂದು ವರ್ಷಗಳೇ ಕಳೆದಿದ್ದವು.

"ನಾ ಒಮ್ಮೆಯೂ ಅವಸರ ಮಾಡಲಿಲ್ಲ," ಎಂದರು ಪಕ್ಕದಲ್ಲಿದ್ದ ಭಟ್ಕಳದ ಮುನೀರ್ ಸಾಹೇಬರಿಗೆ. "ಮಾಸ್ತಿ ಬೇಗ ಮಾಡಿಕೊಟ್ರೆ ಹೆದರ್ಕಳ್ಳಬೇಕು. ತಡ ಆದಷ್ಟೂ ನಂಗೆ ಧೈರ್ಯ."

ಮುನೀರ್ ಸಾಹೇಬರು ನಗಲು ಹೋಗಿ ನಗಲಿಲ್ಲ. "ಮಾಸ್ತಿಯಣ್ಣ ಸರದಿ ನೋಡ್ತಿರಲಿಲ್ಲ. ಯಾರಿಗೆ ಕೇಳ್ಲಿಕ್ಕೆ ಟೈಮ್ ಕಮ್ಮಿಯೋ ಅವರದ್ದು ಮೊದಲು. ನಮ್ಮ ಅಮ್ಮನ ಪೆಟ್ಟಿಗೆ ಎಲ್ಲರದ್ದೂ ಬದಿಗಿಟ್ಟು ಮಾಡಿ, ಅವರೇ ಮನೆಗೆ ತಂದ್ಕೊಟ್ರು. ಅಮ್ಮ ಒಂದು ವಾರ ಕೇಳಿದ್ರು. ಅಷ್ಟೇ."

ಕಿಟಕಿಯ ಹಿಂದಿದ್ದ ಮಾದೇವಿಗೆ ಎಲ್ಲವೂ ಕೇಳಿಸುತ್ತಿತ್ತು.

*

ಮದುವೆಯಾಗಿ ಮುಟ್ಟಳ್ಳಿಯಿಂದ ಬರುವಾಗ ಅವಳ ಜೊತೆ ಒಂದು ಹಾಡುವ ಪೆಟ್ಟಿಗೆಯೂ ಬಂದಿತ್ತು. ಅವಳ ಅಪ್ಪ ಮುಂಬಯಿಯಿಂದ ತಂದಿದ್ದು. ಮುಚ್ಚಳ ತೆಗೆದರೆ ಹಾಡುವಂಥದ್ದು. ಸ್ಪ್ರಿಂಗ್ ಮುರಿದಿತ್ತು. ಪ್ರತಿ ಚೌತಿಗೂ ಕಪಾಟಿನ ಮೇಲಿದ್ದ ಅದರ ಧೂಳು ಒರೆಸುವಾಗ ಗಂಡನನ್ನು ಕೇಳುತ್ತಿದ್ದಳು.

"ಊರವರದ್ದೆಲ್ಲ ಆತು. ಮನೇದು ಯಾವಾಗ?"

"ನಮಗೆಂತ ಅವಸರ? ಇಬ್ರೂ ಇಲ್ಲೇ ಇರ್ತೇವಲ್ಲ."

ಬರಬರುತ್ತ ಅವಳು ಕೇಳುವುದನ್ನು ಬಿಟ್ಟಳು. ಧೂಳು ಮಾತ್ರ ಒರೆಸುತ್ತಿದ್ದಳು.

*

ಸ್ಮಶಾನದಿಂದ ಬಂದವರು ಹೊರಟುಹೋದ ಮೇಲೆ ಕಲ್ಪನಾ ಜಗಲಿ ತೊಳೆದು, ಸಾಮಾನುಗಳನ್ನು ಮರಳಿ ಇಡತೊಡಗಿದಳು. ಶಾನಭಾಗರದ್ದೂ ಉಳಿದವರದ್ದೂ ಬಿಚ್ಚಿದಂತೆಯೇ ಇದ್ದವು.

"ಅಮ್ಮಾ, ಇದೊಂದು ಪೂರಾ ಆಗಿದೆ. ಅಪ್ಪನ ಟವೆಲ್ ಸುತ್ತಿ ಮೇಜಿನ ಕೆಳಗೆ ಇತ್ತು. ಯಾರದ್ದು?"

ಮಾದೇವಿ ಕಪಾಟಿನ ಮೇಲೆ ನೋಡಿದಳು. ಅಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

"ನಮ್ದು," ಎಂದಳು.

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಹೊಸ ಎಣ್ಣೆಯ ವಾಸನೆ ಬರುತ್ತಿತ್ತು. ಚಾವಿ ತಿರುಗಿಸಲು ನೋಡಿದಳು, ಅಲ್ಲಾಡಲಿಲ್ಲ. ಇನ್ನೂ ಕೆಟ್ಟೇ ಇದೆ ಅನ್ನಿಸಿತು. ಆಮೇಲೆ ಬೆರಳಿಗೆ ಸ್ಪ್ರಿಂಗಿನ ಬಿಗಿ ತಿಳಿಯಿತು. ಚಾವಿಯನ್ನು ಅವರೇ ಪೂರ್ತಿ ಕೊಟ್ಟಿಟ್ಟಿದ್ದರು.

ಮುಚ್ಚಳ ತೆಗೆದರೆ ಸಾಕಿತ್ತು. ಮಾದೇವಿ ಎರಡೂ ಕೈಗಳಿಂದ ಅದನ್ನು ಅದುಮಿ ಹಿಡಿದು ಕೂತಳು.