ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಐದು ಟಗರುಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ಹಿಮದಿಂದ ಮಾಡೋಣವೆಂದು ಕೂತೆ.

"ಹಿಮ ಸುರಿಯುತ್ತಿತ್ತು. ದೊಡ್ಡಿಯ ಮೂಲೆಯಲ್ಲಿ ಕುರಿಯೊಂದು ಹೆರಿಗೆ ನೋವಿನಲ್ಲಿ ನರಳುತ್ತಿತ್ತು. ಮೀರೆನ್ ಅಂಗಿಯ ತೋಳು ಮಡಚಿ, ಕೈಗೆ ಸೋಪು ಸವರಿಕೊಂಡು, ಮಂಡಿಯೂರಿ..."

ಅಷ್ಟರಲ್ಲಿ ಮೀರೆನ್ನೇ ತಡೆದಳು. ತಲೆಯೆತ್ತಿ ನೇರ ನನ್ನನ್ನೇ ನೋಡಿದಳು.

"ಒಂದ್ನಿಮಿಷ. ಇದು ಯಾವ ತಿಂಗಳು?"

"ನವೆಂಬರ್," ಅಂದೆ.

"ಟಗರನ್ನೇ ಇನ್ನೂ ಬಿಟ್ಟಿಲ್ಲ. ಮರಿ ಎಲ್ಲಿಂದ ಬಂತು? ನೀವೇನಾದ್ರೂ ಜೇಬಲ್ಲಿ ಇಟ್ಕೊಂಡು ಬಂದ್ರಾ?"

ನಾಯಕಿಯಿಂದ ಮೊದಲ ಪ್ಯಾರಾದಲ್ಲೇ ಬೈಸಿಕೊಂಡ ಕಥೆಗಾರ ನಾನು. ಹಾಳೆ ಹರಿದೆ.

೧ (ಮತ್ತೆ)

ಸರಿ, ಪರಿಚಯದಿಂದ ಹೋಗೋಣ. ಮೀರೆನ್ ಉರ್ಕಿದಿಗೆ ಇಪ್ಪತ್ತು ವರ್ಷ. ಸ್ಪೇನಿನ ಕಡೆಯಿಂದ ಅಮೆರಿಕದ ಐಡಹೊಗೆ ಬಂದು ನೆಲೆಸಿದ ಬಾಸ್ಕ್ ಕುರಿಗಾರರ ಮನೆಯ ಹುಡುಗಿ. ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದಾಳೆ. ಕುರಿ-ದನಗಳ ಡಾಕ್ಟರಾಗಬೇಕೆಂದು ಹಲ್ಲು ಬಿದ್ದು ಹುಟ್ಟುವ ವಯಸ್ಸಿನಿಂದಲೂ ಹಟ ಹಿಡಿದವಳು. ಆದರೆ ವೆಟರ್ನರಿ ಕಾಲೇಜಿಗೆ ಹಟ ಸಾಲದು. ಅದರ ಬಾಗಿಲು ತಟ್ಟುವ ಮೊದಲು ಓದಿ ಮುಗಿಸಿರಬೇಕಾದ ವಿಷಯಗಳ ಒಂದು ಸಾಲೇ ಇದೆ. ಆ ಸಾಲಿನಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ.

(ನಾನು ಯಾರು? ಈ ಊರಿಗೆ ಬಂದು ತಲೆ ನೆರೆತ ಒಬ್ಬ ಕನ್ನಡದ ಬರಹಗಾರ. ಮೀರೆನ್ನಳ ಅಜ್ಜಿಗೆ ಭಾನುವಾರದ ಇಸ್ಪೀಟಿನಲ್ಲಿ ಜೊತೆಗಾರ. ಆಟದ ಹೆಸರು ಮುಸ್. ಇಬ್ಬರಿಬ್ಬರು ಒಂದೊಂದು ಕಡೆ. ಇದರ ನಿಯಮ ವಿಚಿತ್ರ: ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಆದರೆ ಜೊತೆಗಾರನಿಗೆ ಮಾಡುವ ಮುಖದ ಸನ್ನೆ ಮಾತ್ರ ಸುಳ್ಳಾಗಬಾರದು. ಕೆಳತುಟಿ ಕಚ್ಚಿದರೆ ಕೈಯಲ್ಲಿ ಎರಡು ರಾಜ. ಎರಡೂ ಕಣ್ಣು ಮುಚ್ಚಿದರೆ ಕೈಯಲ್ಲಿ ಏನೂ ಇಲ್ಲ. ಇದನ್ನು ಸ್ವಲ್ಪ ನೆನಪಿಡಿ.)

೨

ಮೀರೆನ್ ಕಾಲೇಜಿನ ಸಲಹೆಗಾರ್ತಿ ಡಾಕ್ಟರ್ ಟಿಲ್ಮನ್‌ರ ಎದುರು ಕೂತಿದ್ದಳು. ಟಿಲ್ಮನ್ ಮೇಡಂ ಕನ್ನಡಕ ಹಣೆಗೇರಿಸಿ ಅವಳ ಎರಡು ವರ್ಷದ ಓದನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದರು.

"ನಿನ್ನ ಚಳಿಗಾಲಕ್ಕೆ ಮುಂಚಿನ ಸೆಮಿಸ್ಟರ್‌ಗಳು ನೋಡಿದ್ರೆ ನನಗೇ ಭಯ ಆಗುತ್ತೆ. ಕೆಮಿಸ್ಟ್ರಿ, ಜೆನೆಟಿಕ್ಸ್, ಫಿಸಿಕ್ಸ್, ಎಲ್ಲಾ ಒಟ್ಟಿಗೆ. ವಸಂತ ಬಂದ್ರೆ ಮಾತ್ರ... ಏನಿದು? ಸಂಗೀತ ಕೇಳೋದು ಹೇಗೆ, ಅಂತ ಒಂದು. ಬೌಲಿಂಗ್! ಬೌಲಿಂಗ್ ಯಾಕಮ್ಮಾ?"

"ಏಪ್ರಿಲ್‌ನಲ್ಲಿ ನಮ್ಮ ಕುರಿ ಮರಿ ಹಾಕ್ತವೆ ಮೇಡಂ."

"ಅದಕ್ಕೂ ಬೌಲಿಂಗ್‌ಗೂ?"

"ತಪ್ಪಿಸ್ಕೊಂಡ್ರೂ ಯಾರೂ ಕೇಳಲ್ಲ."

ಟಿಲ್ಮನ್ ನಗಲಿಲ್ಲ. ಮೇಜಿನ ಮೇಲಿದ್ದ ಹಳದಿ ಅಂಟುಚೀಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರು. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಎರಡನೇ ಭಾಗ ವಸಂತದಲ್ಲಿ ಮಾತ್ರ ನಡೆಯುತ್ತದೆ. ಅದು ಮುಗಿಯದೆ ಬಯೋಕೆಮಿಸ್ಟ್ರಿಗೆ ಸೇರಿಸುವುದಿಲ್ಲ. ಬಯೋಕೆಮಿಸ್ಟ್ರಿಯಲ್ಲಿ ಕೂತಿರದೆ ಮುಂದಿನ ಸೆಪ್ಟೆಂಬರಿನಲ್ಲಿ ವೆಟರ್ನರಿಗೆ ಅರ್ಜಿ ಹಾಕಿ ಉಪಯೋಗವಿಲ್ಲ.

"ಈ ವಸಂತ ಬಿಟ್ರೆ ಇನ್ನೊಂದು ವಸಂತದವರೆಗೂ ಕಾಯ್ಬೇಕು. ಅಂದ್ರೆ ಪೂರ್ತಿ ಒಂದು ವರ್ಷ ಹೋಯ್ತು."

"ಈ ವಸಂತ ಹಿಡಿದ್ರೆ?"

ಟಿಲ್ಮನ್ ಇನ್ನೂ ಮೂರು ಚೀಟಿ ಅಂಟಿಸಿದರು. ವಸಂತಕ್ಕೆ ಆರ್ಗ್ಯಾನಿಕ್‌ನ ಎರಡನೇ ಭಾಗದ ಜೊತೆಗೆ ಫಿಸಿಕ್ಸಿನ ಎರಡನೇ ಭಾಗ, ಮೈಕ್ರೊಬಯಾಲಜಿ. ಬೇಸಿಗೆಗೆ ಪಶು ಆಹಾರ ಶಾಸ್ತ್ರ, ಮನೆಯಲ್ಲೇ ಕೂತು. ಆಮೇಲೆ ಬಯೋಕೆಮಿಸ್ಟ್ರಿ. ಒಂದು ಚೀಟಿಯೂ ಇನ್ನೊಂದರ ಕಾಲು ತುಳಿಯಲಿಲ್ಲ.

"ಕೂತ್ಬಿಡ್ತು!" ಮೀರೆನ್ ಕುರ್ಚಿಯಿಂದ ಎದ್ದೇಬಿಟ್ಟಳು. "ಮೇಡಂ, ಎಲ್ಲಾ ಕೂತ್ಬಿಡ್ತು!"

"ನಾನೂ ಅದನ್ನೇ ನೋಡ್ತಿದೀನಿ," ಅಂದರು ಟಿಲ್ಮನ್, ತಾವೇ ನಂಬದವರ ಹಾಗೆ. "ಸೋಮವಾರ ಬೆಳಿಗ್ಗೆ ಏಳಕ್ಕೆ ನೋಂದಣಿ ತೆರೆಯುತ್ತೆ. ಲ್ಯಾಬಿನ ಸೀಟು ಬೇಗ ತುಂಬ್ತವೆ. ನಿದ್ದೆ ಮಾಡ್ಬೇಡ."

ಮೀರೆನ್ ಚೀಟಿಗಳನ್ನೆಲ್ಲ ಕಿತ್ತು ಎದೆಗವುಚಿಕೊಂಡು ಓಡಿದಳು. ಮನೆಗೆ ಮೂರು ತಾಸಿನ ದಾರಿ. ಕಾರಿನಲ್ಲಿ ಒಬ್ಬಳೇ ಜೋರಾಗಿ ಹಾಡುತ್ತಾ ಹೋದಳು, ಅರ್ಧ ದಾರಿಯವರೆಗೆ. ಅರ್ಧ ದಾರಿಯಲ್ಲಿ ಏಪ್ರಿಲ್ ನೆನಪಾಯಿತು.

೩

(ಈ ಭಾಗ ವಸಂತದಲ್ಲಿ ಮಾತ್ರ ಲಭ್ಯ. ದಯವಿಟ್ಟು ನಾಲ್ಕಕ್ಕೆ ಹೋಗಿ.)

೪

ಮೀರೆನ್ನಳ ಕೈ ಚಿಕ್ಕದು. ಈ ಕಥೆಯಲ್ಲಿ ಎಲ್ಲ ನಿಂತಿರುವುದು ಆ ಕೈಯ ಮೇಲೆ.

ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡ ತಿರುಗಿದ್ದರೆ ಒಳಗೆ ಕೈ ಹಾಕಿ, ಕಾಲು ಹುಡುಕಿ, ನೆಟ್ಟಗೆ ಮಾಡಿ ಎಳೆಯಬೇಕು. ಅವಳ ಅಪ್ಪನ ಕೈ ಸಲಿಕೆಯಷ್ಟು ಅಗಲ. ಮಂದೆ ಕಾಯುವ, ಪೆರು ದೇಶದಿಂದ ಬಂದ ಆಳಿನದೂ ಹಾಗೇ. ಮೊದಲೆಲ್ಲ ಆ ಕೆಲಸ ಅಜ್ಜಿಯದು, ಬಾಸ್ಕ್ ಮಾತಿನಲ್ಲಿ ಅಮುಮಾಳದು. ಅಮುಮಾಳ ಬೆರಳ ಗಿಣ್ಣುಗಳು ಊದಿ ಸೆಟೆದುಕೊಂಡ ಮೇಲೆ ಎಂಟು ವರ್ಷದ ಮೀರೆನ್ ಅಂಗಿಯ ತೋಳು ಮಡಚಿದಳು. ಅಲ್ಲಿಂದ ಇಲ್ಲಿಯವರೆಗೆ ಒಂದು ಏಪ್ರಿಲ್ಲನ್ನೂ ತಪ್ಪಿಸಿಲ್ಲ. ಅದಕ್ಕೇ ಬೌಲಿಂಗ್.

ತಪ್ಪು ಯಾರದೂ ಅಲ್ಲ. ಏಪ್ರಿಲ್ ಬಿಡುವಾಗಿರಬೇಕು ಎನ್ನುವುದು ಆ ಮನೆಯಲ್ಲಿ ಎಷ್ಟು ಸಹಜವೆಂದರೆ, ಕುರಿ ಡಾಕ್ಟರಾಗಲು ಹೊರಟವಳು ಕುರಿಗಳಿಗಾಗಿಯೇ ಅದಕ್ಕೆ ಬೇಕಾದ ಓದನ್ನು ಮುಂದೆ ಮುಂದೆ ತಳ್ಳುತ್ತಾ ಬಂದಿದ್ದಳು. ಯಾರಿಗೂ ಅದು ಹೊಳೆದಿರಲೇ ಇಲ್ಲ, ಅವಳಿಗೂ.

೫

ಭಾನುವಾರ ಮಧ್ಯಾಹ್ನ. ಅಮುಮಾಳ ಅಡುಗೆಮನೆ. ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಹಾಕಿದ ಕುರಿಮಾಂಸ ಕುದಿಯುತ್ತಿದೆ. ಫ್ರಿಜ್ಜಿನ ಬಾಗಿಲ ತುಂಬ ಹಳದಿ ಚೀಟಿ. ಮೇಜಿನ ಬಳಿ ನಾನೂ ಒಂದು ಕುರ್ಚಿ ಎಳೆದುಕೊಂಡಿದ್ದೇನೆ. (ಕಥೆಗಾರ ಕಥೆಯೊಳಗೆ ಊಟಕ್ಕೆ ಕೂರಬಾರದು ಎನ್ನುವವರು ಅಮುಮಾಳ ಅಡುಗೆ ಉಂಡಿಲ್ಲ.)

ಕಿಟಕಿಯಾಚೆ ಐದು ಟಗರುಗಳು ದೊಡ್ಡಿಯ ಗೇಟಿಗೆ ತಲೆ ಗುದ್ದುತ್ತಿವೆ. ಅವಕ್ಕೂ ಗೊತ್ತು. ನಾಳೆ ಸಂತ ಮಾರ್ಟಿನ್ ಹಬ್ಬ. ಆ ದಿನವೇ ಟಗರುಗಳ ಎದೆಗೆ ಬಣ್ಣ ಬಳಿದು ಕುರಿಗಳ ನಡುವೆ ಬಿಡುವುದು. ಯಾವ ಕುರಿಯ ಬೆನ್ನಿಗೆ ಬಣ್ಣ ಹತ್ತಿತೋ ಅದು ಗಬ್ಬವಾಯಿತೆಂದು ಲೆಕ್ಕ. ಅಲ್ಲಿಂದ ಐದು ತಿಂಗಳಿಗೆ ಮರಿ. ಅಮುಮಾಳ ಮಾವ ಹಡಗಿಳಿದು ಬಂದು ಮಂದೆ ಕಟ್ಟಿದ ಕಾಲದಿಂದ ಈ ದಿನ ಬದಲಾಗಿಲ್ಲ.

ಮೀರೆನ್ ಚೀಟಿಗಳನ್ನು ಒಂದೊಂದಾಗಿ ತೋರಿಸಿ ವಿವರಿಸಿದಳು. ಏಪ್ರಿಲ್ ಬಂದಾಗ ನಿಂತಳು.

ಇಲ್ಲಿ ನನಗೊಂದು ಒಳ್ಳೆಯ ಮುಕ್ತಾಯ ಹೊಳೆಯಿತು.

ಮುಕ್ತಾಯ ಅ: ಅಮುಮಾ ಕಣ್ಣೀರು ಒರೆಸಿಕೊಂಡು, "ಹೋಗು ಮಗಾ, ನಿನ್ನ ಕನಸು ದೊಡ್ಡದು," ಎಂದಳು.

"ಏಯ್ ಕಥೆಗಾರ," ಎಂದಳು ಅಮುಮಾ, ಸೌಟು ಎತ್ತಿ. "ನಾನು ಯಾವಾಗ ಅತ್ತೆ? ನನ್ನ ಗಂಡ ಸತ್ತಾಗ ಅತ್ತಿಲ್ಲ, ನಿನ್ನ ಕಥೆಗೆ ಅಳ್ತೀನಾ? ಹೊಡೆದು ಹಾಕು ಅದನ್ನ."

ಹೊಡೆದು ಹಾಕಿದೆ.

ಮುಕ್ತಾಯ ಆ: ಮೀರೆನ್ ಚೀಟಿಗಳನ್ನೆಲ್ಲ ಕಿತ್ತು, "ಇನ್ನೊಂದು ವರ್ಷ ಕಾದರೇನಂತೆ," ಎಂದು...

"ಇನ್ನೊಂದು ಸಾಲು ಬರೆದ್ರೆ ಎದ್ದು ಹೋಗ್ತೀನಿ," ಎಂದಳು ಮೀರೆನ್. "ಬೇಕಾದ್ರೆ ಆ ಟಗರನ್ನೇ ನಾಯಕನ್ನ ಮಾಡ್ಕೊಳಿ."

ಅದನ್ನೂ ಹೊಡೆದು ಹಾಕಿದೆ. ಮೊದಲು ಆಗಬೇಕಾದ್ದು ಆಗದೆ ಕೊನೆಗೆ ಹಾರುವುದು ನನ್ನ ಹಳೆಯ ರೋಗ. ಟಿಲ್ಮನ್ ಮೇಡಂ ಕೈಗೆ ಸಿಕ್ಕಿದ್ದರೆ ನನಗೆ ಕಥೆ ಬರೆಯಲು ಅನುಮತಿಯೇ ಸಿಗುತ್ತಿರಲಿಲ್ಲ.

೬

"ಅಮುಮಾ, ನೇರ ಕೇಳ್ತೀನಿ," ಎಂದಳು ಮೀರೆನ್. "ಏಪ್ರಿಲ್‌ನಲ್ಲಿ ನಾನಿಲ್ದೆ ನಿಭಾಯಿಸ್ತೀಯಾ?"

"ಅಯ್ಯೋ, ನೀನು ಹುಟ್ಟೋ ಮುಂಚೆ ನಮ್ಮ ಕುರಿಗಳೇನು ಮೊಟ್ಟೆ ಇಡ್ತಿದ್ವಾ? ನಿಭಾಯಿಸ್ತೀನಿ ಕಣೇ. ಹೋಗು, ಓದ್ಕೋ."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಹೇಳುವಾಗ ಅಮುಮಾ ಎರಡೂ ಕಣ್ಣು ಮುಚ್ಚಿದಳು.

ಅರೆಗಳಿಗೆ ಅಷ್ಟೇ. ಬೇಕೆಂದು ಮಾಡಿದ್ದಲ್ಲ. ಅರವತ್ತು ವರ್ಷ ಮುಸ್ ಆಡಿದ ಮುಖ; ಕೈ ಖಾಲಿಯಿದ್ದಾಗ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾನು ನೋಡಿದೆ. ಆ ಇಸ್ಪೀಟು ಮೇಜಿನ ಕೆಳಗೇ ಆಡಿ ಬೆಳೆದ ಮೀರೆನ್ನೂ ನೋಡಿದಳು.

ನನ್ನ ಪೆನ್ನು ನಿಂತಿತು. ನಿಜ ಹೇಳಬೇಕೆಂದರೆ ಮುಂದೆ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಮೀರೆನ್ ಫ್ರಿಜ್ಜಿನ ಕಡೆ ತಿರುಗಿದಳು. ಚೀಟಿಗಳನ್ನು ಕೀಳುತ್ತಾಳೆಂದುಕೊಂಡೆ. ಕೀಳಲಿಲ್ಲ. ಖಾಲಿ ಚೀಟಿ ಒಂದನ್ನು ತೆಗೆದು ಅದರ ಮೇಲೆ ದೊಡ್ಡದಾಗಿ "ಟಗರು" ಎಂದು ಬರೆದು, ನವೆಂಬರಿನ ಸಾಲಿಗೆ ಅಂಟಿಸಿದಳು. ಅದರಿಂದ ಐದು ತಿಂಗಳು ಎಣಿಸಿ ಏಪ್ರಿಲ್‌ನಲ್ಲಿ "ಮರಿ" ಎಂದು ಇನ್ನೊಂದು. ಅಲ್ಲಿ ಆರ್ಗ್ಯಾನಿಕ್ ಎರಡು ಮೊದಲೇ ಕೂತಿತ್ತು. ಎರಡು ಚೀಟಿ ಒಂದರ ಮೇಲೊಂದು ಬಿದ್ದವು.

ಅವಳು ಹಿಂದೆ ಸರಿದು ನೋಡಿದಳು. ಆಮೇಲೆ ಕೂಗಿಬಿಟ್ಟಳು.

"ಅಮುಮಾ! ಇದೂ ಒಂದು ಕೋರ್ಸೇ! ಮೊದಲು ಟಗರು, ಆಮೇಲೆ ಮರಿ! ಆರ್ಗ್ಯಾನಿಕ್ ಅಲ್ಲಾಡಲ್ಲ, ಕಾಲೇಜು ಅದನ್ನ ಅಲ್ಲಾಡಿಸಲ್ಲ. ಆದ್ರೆ ಟಗರನ್ನ ಬಿಡೋರು ನಾವು! ಗೇಟು ನಮ್ದು!"

"ಟಗರು" ಚೀಟಿಯನ್ನು ಕಿತ್ತು ಡಿಸೆಂಬರಿನ ನಡುವೆ ಹಚ್ಚಿದಳು. "ಮರಿ" ಮೇ ತಿಂಗಳಿಗೆ ಜಾರಿತು. ಪರೀಕ್ಷೆ ಮುಗಿದ ವಾರ.

"ಒಂದೇ ಒಂದು ವರ್ಷ, ಅಮುಮಾ. ಒಂದು ತಿಂಗಳು ತಡ. ಮಾರೋ ಹೊತ್ತಿಗೆ ಮರಿ ಸ್ವಲ್ಪ ಹಗುರ ಇರ್ತವೆ, ಗೊತ್ತು. ಬೇಸಿಗೇಲಿ ಮೇಯೋಕೆ ಬೆಟ್ಟ ಹತ್ತಿಸೋದೂ ತಡ ಆಗುತ್ತೆ. ಆದ್ರೆ ಹುಲ್ಲು ಬಂದಿರುತ್ತೆ, ಹಿಮ ಇರಲ್ಲ, ಸಾಯೋದು ಕಮ್ಮಿ!"

ಅಮುಮಾ ಸೌಟು ಕೆಳಗಿಟ್ಟಳು. ಕಿಟಕಿಯಾಚೆ ಟಗರುಗಳತ್ತ ನೋಡಿದಳು.

"ಸಂತ ಮಾರ್ಟಿನ್‌ಗೆ ಏನ್ ಹೇಳೋದು?"

"ಡಿಸೆಂಬರ್‌ನಲ್ಲಿ ಸಂತ ಲೂಸಿಯಾ ಹಬ್ಬ ಇದ್ಯಲ್ಲ. ಅವಳೂ ಸಂತಳೇ ತಾನೇ?"

"ನಾಲಿಗೆ ನೋಡು ಇದರದ್ದು," ಎಂದು ಅಮುಮಾ ನನ್ನ ಕಡೆ ತಿರುಗಿದಳು. ಆದರೆ ಮಾತು ಮೊಮ್ಮಗಳಿಗೇ. "ಒಂದು ವರ್ಷ ಅಂತೀಯ. ಆಮೇಲೆ? ಡಾಕ್ಟರಾದ್ಮೇಲೆ? ಏಪ್ರಿಲ್ ಬಂತು ಅಂದ್ರೆ ಈ ಕಣಿವೇಲಿ ಎಲ್ಲರ ಹಸೂನೂ ಈಯುತ್ತೆ, ಎಲ್ಲರ ಕುರೀನೂ ಈಯುತ್ತೆ. ಎಲ್ಲರೂ ನಿನಗೇ ಫೋನು ಮಾಡ್ತಾರೆ. ಆಗ ನಮ್ಮ ದೊಡ್ಡಿಗೆ ನೀನು ಬರೋದು ಯಾವಾಗ? ನಾನು ಈ ಚೀಟಿ ನೋಡಿದಾಗಿಂದ ಅದನ್ನೇ ಯೋಚಿಸ್ತಿದೀನಿ. ಕೆಮಿಸ್ಟ್ರಿ ಅಲ್ಲ ನನಗೆ ಭಯ."

ಮೀರೆನ್ ಮತ್ತೆ ಚೀಟಿಗಳ ಕಡೆ ನೋಡಿದಳು. ಎಷ್ಟೊಂದು ಸೆಮಿಸ್ಟರುಗಳನ್ನು ಯೋಜಿಸಿದ್ದಳು, ಅವೆಲ್ಲ ಮುಗಿದ ಮೇಲಿನ ಏಪ್ರಿಲ್ಲುಗಳನ್ನು ಮಾತ್ರ ಯೋಚಿಸಿರಲಿಲ್ಲ.

ಅಮುಮಾ ಎದ್ದು, ಫ್ರಿಜ್ಜಿನ ಹತ್ತಿರ ಹೋಗಿ, ಸೆಟೆದ ಹೆಬ್ಬೆರಳಿನಿಂದ "ಟಗರು" ಚೀಟಿಯನ್ನು ಅದು ಇದ್ದಲ್ಲಿಯೇ ಗಟ್ಟಿಯಾಗಿ ಒತ್ತಿದಳು.

"ಒಂದು ವರ್ಷಕ್ಕಲ್ಲ. ಇನ್ಮೇಲೆ ಪ್ರತಿ ವರ್ಷ ಲೂಸಿಯಾ. ಊರಿನೋರ ಕೆಲಸ ಎಲ್ಲಾ ಮುಗಿಸ್ಕೊಂಡು ಕೊನೇಗೆ ಬಾ. ನಮ್ಮ ಕುರಿ ಎಲ್ಲರಿಗಿಂತ ತಡವಾಗೇ ಹೆರಲಿ."

ಮೀರೆನ್ ಅವಳನ್ನು ಅಪ್ಪಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿದಳು. ಸಾರು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು.

(ಅತ್ತವರು ಯಾರೆಂದು ಕೇಳಬೇಡಿ. ಅಮುಮಾ ಅಲ್ಲ. ಮೆಣಸಿನಕಾಯಿಯ ಘಾಟು ಅಂತ ಹೇಳಿ ನಾನು ಕನ್ನಡಕ ಒರೆಸಿಕೊಂಡೆ.)

೭, ಅಥವಾ ಇದನ್ನು ಏನೆಂದು ಕರೆಯುವುದೋ

ಸೋಮವಾರ ಬೆಳಿಗ್ಗೆ ಏಳು. ಮೀರೆನ್ ಲ್ಯಾಪ್‌ಟಾಪಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಪುಟ ತೆರೆಯಿತು. ಲ್ಯಾಬಿನ ಸೀಟುಗಳು ಕಣ್ಣೆದುರೇ ಕರಗುತ್ತಿದ್ದವು. ಒತ್ತಿದಳು. ಪರದೆಯ ಮೇಲೆ ಒಂದು ಗಾಲಿ ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಆಮೇಲೆ ಅವಳ ಹೆಸರು ಬಂತು. ಅವಳು ಕಿರುಚಿದ ರಭಸಕ್ಕೆ ಹೊರಗೆ ಟಗರುಗಳು ಒಂದು ಕ್ಷಣ ಗುದ್ದುವುದನ್ನು ನಿಲ್ಲಿಸಿದವು.

ಹೊರಗೆ ಅಮುಮಾ ಗೇಟಿನ ಚಿಲಕಕ್ಕೆ ತಂತಿ ಸುತ್ತುತ್ತಿದ್ದಳು. ಸಂತ ಮಾರ್ಟಿನ್ ಹಬ್ಬದ ಬೆಳಿಗ್ಗೆ ಆ ಗೇಟು ಮುಚ್ಚಿದ್ದು ಅದೇ ಮೊದಲು. ಬಣ್ಣದ ಡಬ್ಬಿ ತೆರೆಯದೆ ಹಾಗೇ ಪಕ್ಕದಲ್ಲಿತ್ತು.

ಈಗ ನೀವು ಕೇಳುತ್ತೀರಿ. ಆರ್ಗ್ಯಾನಿಕ್ ಎರಡರಲ್ಲಿ ಪಾಸಾದಳಾ? ವೆಟರ್ನರಿ ಕಾಲೇಜಿನಲ್ಲಿ ಸೀಟು ಸಿಕ್ಕಿತಾ? ಮೇ ತಿಂಗಳಲ್ಲಿ ಬಂದು ಮೊದಲ ಮರಿ ಎಳೆದಳಾ? ನಾನು ಮೂರು ಮುಕ್ತಾಯ ಬರೆದೆ. ಒಂದರಲ್ಲಿ ಎಲ್ಲ ಸರಿಹೋಗುತ್ತದೆ. ಒಂದರಲ್ಲಿ ಐದರಲ್ಲೊಂದು ಟಗರು ಬೇಲಿ ಹಾರಿ ಇಡೀ ಯೋಜನೆ ಕೆಡಿಸುತ್ತದೆ. ಇನ್ನೊಂದನ್ನು ಹೇಳಲಾರೆ, ಅದರಲ್ಲಿ ಅಮುಮಾ ಇಲ್ಲ. ಮೂರನ್ನೂ ಹರಿದು ಅವಳ ಒಲೆಗೆ ಹಾಕಿದೆ. ಕೊನೆ ಬರುವ ಮೊದಲು ಆಗಬೇಕಾದ್ದು ಇನ್ನೂ ಬೇಕಾದಷ್ಟಿದೆ.

ಆದರೂ ನನ್ನ ಚಪಲ ಬಿಡಬೇಕಲ್ಲ. ಗೇಟಿನ ಬಳಿ ಹೋಗಿ ಕೇಳಿದೆ.

"ಅಮುಮಾ, ಮೇ ತಿಂಗಳಲ್ಲಿ ಬರ್ತಾಳಾ ಅವಳು? ನೀನು ಇಲ್ಲೇ ನಿಂತಿರ್ತೀಯಾ?"

"ನನಗೇನ್ ಗೊತ್ತು? ಕಥೆಗಾರ ನೀನಲ್ವಾ?" ಎಂದಳು.

ಆಮೇಲೆ ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಾ, ನಿಧಾನವಾಗಿ ಕೆಳತುಟಿ ಕಚ್ಚಿದಳು.

ಎರಡು ರಾಜ. ಸನ್ನೆ ಸುಳ್ಳಾಗುವಂತಿಲ್ಲ, ಅದು ನಿಯಮ. ಆದರೆ ಕೈಯಲ್ಲಿ ಎರಡು ರಾಜ ಇಟ್ಟುಕೊಂಡೂ ನಾವಿಬ್ಬರು ಸೋತ ಭಾನುವಾರಗಳಿವೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಟಗರುಗಳು ಮತ್ತೆ ಗೇಟು ಗುದ್ದತೊಡಗಿದವು, ಅಮುಮಾ ತಂತಿಯನ್ನು ಇನ್ನೊಂದು ಸುತ್ತು ಬಿಗಿದಳು.