ಎರಡೂವರೆ ಕಿಲೋಮೀಟರಿನ ಮೈಸೂರು

ಸಯ್ಯಾಜಿರಾವ್ ರಸ್ತೆ ಮೊದಲು ಈಗಿರುವುದಕ್ಕಿಂತ ಒಂದೂವರೆ ಇಂಚು ಎತ್ತರವಾಗಿತ್ತು. ನಾನು ನಡೆದೂ ನಡೆದೂ ಅದನ್ನು ತಗ್ಗಿಸಿದ್ದೇನೆ. ನಂಬದಿದ್ದರೆ ಹೋಗಿ ಅಳೆದುಕೊಳ್ಳಿ. ಅಳೆಯುವಾಗ ನನ್ನ ಹೆಸರು ಹೇಳಿ, ಟ್ರಾಫಿಕ್ ಪೊಲೀಸರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ.

ಹೆಸರು ಸಿದ್ದಲಿಂಗಸ್ವಾಮಿ. ಮೂವತ್ತನಾಲ್ಕು ವರ್ಷ ಔಷಧಿ ಕಂಪನಿಯ ರೆಪ್ ಆಗಿದ್ದೆ. ಮೈಸೂರಿನಲ್ಲಿ ನಾನು ಬಾಗಿಲು ತಟ್ಟದ ಡಾಕ್ಟರಿಲ್ಲ, ನನ್ನನ್ನು ಕಂಡು ಎದ್ದು ನಿಲ್ಲದ ಕಾಂಪೌಂಡರಿಲ್ಲ. ನಾನು ಕೆಳಗೆ ಹಾದುಹೋಗುವಾಗ ದೊಡ್ಡ ಗಡಿಯಾರ ಇವತ್ತಿಗೂ ಬಗ್ಗಿ ನನ್ನ ಕೈಗಡಿಯಾರ ನೋಡಿ ಟೈಮ್ ಸರಿಮಾಡಿಕೊಳ್ಳುತ್ತದೆ. ಇಂಥ ನಾನು ಊರಲ್ಲಿರುವಾಗ ಚರಿತ್ರೆಯ ನಡಿಗೆಗೆ ದಾರಿ ಬರೆದುಕೊಡಿ ಅಂತ ಇನ್ಯಾರನ್ನು ಕೇಳುತ್ತಾರೆ ಹೇಳಿ?

ಕೇಳಿದ್ದು ನಮ್ಮ ಕುಕ್ಕರಹಳ್ಳಿ ಕೆರೆಯ ನಡಿಗೆ ಬಳಗ. ದಿನಾ ಬೆಳಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ಸೇರುವ ನಲವತ್ತು ಜನ ನಿವೃತ್ತರು. ಅವರು ನಡೆಯುತ್ತಾರೆ, ನಾನು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಉಸ್ತುವಾರಿ ನೋಡಿಕೊಳ್ಳುತ್ತೇನೆ. ಊರು ನೋಡಲು ಬಂದವರು ಗೈಡ್ ಗೀಡ್ ಇಲ್ಲದೆ, ಒಂದು ಹಾಳೆ ಕೈಯಲ್ಲಿ ಹಿಡಿದು, ಕೆರೆಯಿಂದ ದೇವರಾಜ ಮಾರುಕಟ್ಟೆವರೆಗೆ ತಾವೇ ನಡೆದು ಹೋಗುವಂತಿರಬೇಕು ಅಂತ ಬಳಗ ತೀರ್ಮಾನಿಸಿತು. ಹಾಳೆಯ ಕೆಳಗೆ ಬರೆದವರ ಹೆಸರು ದಪ್ಪಕ್ಷರದಲ್ಲಿ. ನಾನು ಕೈ ಎತ್ತಿದ ಗಾಳಿಗೆ ಕೆರೆಯ ಹೆಜ್ಜಾರ್ಲೆ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು.

ಕಾರ್ಯದರ್ಶಿ ಜವರಪ್ಪನಿಗೆ ಮಾತ್ರ ಅನುಮಾನ. "ಲೋ ಸ್ವಾಮಿ, ನೀನು ಕೊತ್ಮೀರಿ ಸೊಪ್ಪು ತರಕ್ಕೂ ಸ್ಕೂಟ್ರಲ್ಲಿ ಓಗೋನು. ನಡೆಯೋ ದಾರಿ ಎಂಗೆ ಬರ್ದೀಯೋ?"

"ನನ್ನ ಅಂಗಾಲು ನೋಡಿದ್ದೀಯೇನೋ ಜವರಪ್ಪ? ಇಡೀ ಮೈಸೂರಿನ ನಕ್ಷೆ ಅಚ್ಚಾಗಿದೆ ಅದರಲ್ಲಿ."

"ತೋರ್ಸು ಮತ್ತೆ."

"ಸಾಕ್ಸ್ ಹಾಕ್ಕೊಂಡಿದೀನಿ ಕಣೋ."

ಮೂರು ದಿನದಲ್ಲಿ ಹಾಳೆ ಸಿದ್ಧವಾಯಿತು. ಏಳು ನಿಲುಗಡೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಎಲ್ಲಿ ನಿಂತು ತಲೆ ಎತ್ತಬೇಕು, ಎಲ್ಲ ಬರೆದಿದ್ದೆ. ಪ್ರತಿ ನಿಲುಗಡೆಯಲ್ಲೂ ಒಳ್ಳೆಯ ನೆರಳು. ಮೇಲೆ ದೊಡ್ಡದಾಗಿ: ಒಟ್ಟು ದೂರ ಎರಡೂವರೆ ಕಿಲೋಮೀಟರ್. ಅಚ್ಚಿಗೆ ಹಾಕುವ ಮೊದಲು ಯಾರಾದರೂ ಒಬ್ಬರು ನಡೆದು ನೋಡಲಿ ಅಂದ ಜವರಪ್ಪ.

"ನಾನು ಹೋಗ್ತೀನಿ. ಒಬ್ಬಳೇ," ಅಂದವರು ಪ್ರೇಮಲೀಲಾ ಮಿಸ್.

ಎಲ್ಲರೂ ಅವರ ಮಂಡಿ ನೋಡಿದೆವು. ಆರು ತಿಂಗಳ ಹಿಂದೆ ಆಪರೇಷನ್ ಆಗಿತ್ತು. ಮಗ ಪ್ರಸಾದ್ ತಾಯಿಯನ್ನು ಕುವೆಂಪುನಗರದ ಮನೆಯಿಂದ ಕೆರೆಗೆ ಕಾರಿನಲ್ಲಿ ತಂದು, ಅರ್ಧ ಗಂಟೆ ಕೂರಿಸಿ, ಕಾರಿನಲ್ಲೇ ವಾಪಸ್ ಕರೆದೊಯ್ಯುತ್ತಿದ್ದ. ಒಂಟಿಯಾಗಿ ಗೇಟಿನಾಚೆ ಕಾಲಿಡುವಂತಿರಲಿಲ್ಲ.

"ಮೂವತ್ತೊಂದು ವರ್ಷ ಚರಿತ್ರೆ ಪಾಠ ಮಾಡಿದೆ ಕಣ್ರೀ," ಅಂದರು ಮಿಸ್. "ಹಳ್ಳಿ ಮಕ್ಕಳನ್ನ ವರ್ಷಾ ವರ್ಷ ಮೈಸೂರಿಗೆ ಟೂರ್ ಕರ್ಕೊಂಡು ಬಂದೆ. ನಾನು ಮಾತ್ರ ಮೈಸೂರು ನೋಡಿಲ್ಲ. ಮಕ್ಕಳ ತಲೆ ಎಣಿಸಿದೀನಿ, ಅಷ್ಟೇ. ಬಸ್ಸಿಂದ ಇಳಿದಾಗ ಐವತ್ತೆರಡು, ಹತ್ತುವಾಗ ಐವತ್ತೊಂದು. ಇನ್ನೊಬ್ಬನ್ನ ಹುಡುಕೋದ್ರಲ್ಲೇ ಸಾಯಂಕಾಲ ಆಗೋದು. ಎಣಿಸೋಕೆ ಯಾರೂ ಇಲ್ಲದೆ ಒಂದ್ಸಲ ತಲೆ ಎತ್ತಿ ನೋಡ್ಬೇಕು ನಾನು."

ಮಗನನ್ನು ಒಪ್ಪಿಸಿದ್ದು ನನ್ನ ಹಾಳೆ. ಮೂರು ಕಿಲೋಮೀಟರ್ ಮೀರಬಾರದು ಅಂತ ಡಾಕ್ಟರು ಹೇಳಿದ್ದರು, ನನ್ನದು ಎರಡೂವರೆ. ಪ್ರಸಾದ್ ಷರತ್ತು ಹಾಕಿದ: "ಹನ್ನೊಂದರೊಳಗೆ ಮನೇಲಿರ್ಬೇಕು ಅಮ್ಮ. ಮಂಡಿ ಊದಿದ್ರೆ ಇದೇ ಕೊನೆ. ಆಮೇಲೆ ಕೆರೆನೂ ಇಲ್ಲ, ಗಿರೆನೂ ಇಲ್ಲ."

ಭಾನುವಾರ ಏಳು ಗಂಟೆಗೆ ಮಿಸ್ ಹೊರಟರು. ನಾನೂ ಹಿಂದೆ ಹೊರಟೆ, ಗುಟ್ಟಾಗಿ, ಹೆಲ್ಮೆಟ್ ಹಾಕಿಕೊಂಡು, ಸ್ಕೂಟರಿನಲ್ಲಿ. ನನ್ನ ನಡಿಗೆ ಎಂಥದು ಅಂದರೆ, ನಡೆದರೆ ಅವರನ್ನು ದಾಟಿ ಶ್ರೀರಂಗಪಟ್ಟಣ ಸೇರಿಬಿಡುತ್ತೇನೆ. ವೇಗ ತಗ್ಗಿಸಿಕೊಳ್ಳಲೆಂದೇ ಸ್ಕೂಟರ್ ತಂದಿದ್ದು. ಅದರ ಹೆಸರು ಬಸವ.

ಆ ಬೆಳಗ್ಗೆ ಕೆರೆ ಹೇಗಿತ್ತೆಂದರೆ, ಚಾಮುಂಡಿ ಬೆಟ್ಟ ತಾನೇ ಬಂದು ನೀರಲ್ಲಿ ತಲೆಕೆಳಗಾಗಿ ಮುಖ ತೊಳೆಯುತ್ತಿತ್ತು. ಮಿಸ್ ಏರಿಯ ಮೇಲೆ ನಿಂತು ಹಾಳೆ ಓದಿದರು: "ಈ ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು." ಹೆಜ್ಜಾರ್ಲೆಗಳ ಕಡೆ ಅವರ ತೋರುಬೆರಳು ತಾನಾಗಿ ಎದ್ದು ಒಂದು, ಎರಡು, ಮೂರು ಅಂದಿತು. ತಕ್ಷಣ ನಾಚಿಕೊಂಡು ಬೆರಳು ಮಡಚಿದರು.

ಕ್ರಾಫರ್ಡ್ ಹಾಲ್ ಮುಂದೆ ಹತ್ತು ನಿಮಿಷ ನಿಂತರು. ಬಿಸಿಲು ಆಗತಾನೇ ಬಿಳಿ ಕಂಬಗಳ ಮೇಲೆ ಬೀಳುತ್ತಿತ್ತು. ಆ ಕಟ್ಟಡ ಎಷ್ಟು ಭಾರಿ ಅಂದರೆ, ಒಳಗೆ ಒಂದು ಅರ್ಜಿ ಕೊಟ್ಟರೆ ಅದು ಇನ್ನೊಂದು ಬಾಗಿಲಿಂದ ಹೊರಬರುವಷ್ಟರಲ್ಲಿ ಕೊಟ್ಟವನ ಮೊಮ್ಮಗನಿಗೆ ಡಿಗ್ರಿ ಆಗಿರುತ್ತದೆ. ನಾನು ಇದನ್ನು ಸಾವಿರ ಸಲ ದಾಟಿದ್ದೇನೆ. ಮೆಟ್ಟಿಲುಗಳು ಇಷ್ಟು ಅಗಲ ಅನ್ನುವುದು ಮಿಸ್ ಕೊರಳು ಹೊರಳಿದ ಕಡೆಗೆಲ್ಲ ನನ್ನದೂ ಹೊರಳಿದಾಗಲೇ ತಿಳಿದದ್ದು.

ಮುಂದಿನ ನಿಲುಗಡೆ ಅಠಾರಾ ಕಚೇರಿ. ಒಂದು ಕಾಲಕ್ಕೆ ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಗುಮ್ಮಟದ ಕೆಳಗೆ ಜಗಳವಾಡದೆ ಇದ್ದವಂತೆ. ನಾನೇನಾದರೂ ಆಗ ಇದ್ದಿದ್ದರೆ ಹತ್ತೊಂಬತ್ತನೆಯದನ್ನು ನನಗೇ ಕೊಡುತ್ತಿದ್ದರು. ಅತ್ತ ಕಡೆ ಹೋಗಲು ಬುಲೆವಾರ್ಡ್ ಜೋಡಿರಸ್ತೆಯ ನಡುವಿನ ಮರಗಳನ್ನು ದಾಟಿದರೆ ಸಾಕು, ಮೂವತ್ತು ಹೆಜ್ಜೆ. ಮಿಸ್ ಇನ್ನೇನು ದಾಟಬೇಕು, ಹಾಳೆ ನೋಡಿದರು. ಹಾಳೆಯಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದಿತ್ತು: "ರಸ್ತೆಯ ಕೊನೆವರೆಗೆ ಹೋಗಿ ಯೂ ಟರ್ನ್ ತೆಗೆದುಕೊಳ್ಳಿ."

ಅವರು ಒಂದು ಕ್ಷಣ ನಿಂತರು. ಆಮೇಲೆ ಕೊನೆವರೆಗೆ ಹೋದರು. ಯೂ ಟರ್ನ್ ತೆಗೆದುಕೊಂಡರು. ಬಸವನೂ ತೆಗೆದುಕೊಂಡ, ಇಂಡಿಕೇಟರ್ ಹಾಕಿ.

ಓರಿಯೆಂಟಲ್ ಲೈಬ್ರರಿ ಬಂತು. ಒಳಗಿನ ಓಲೆಗರಿಗಳನ್ನು ಜೋಡಿಸಿದರೆ ಬನ್ನಿಮಂಟಪದ ಮೈದಾನಕ್ಕೆ ಚಾಪೆ ಹಾಸಿ, ಮಿಕ್ಕಿದ್ದರಲ್ಲಿ ಆನೆಗಳಿಗೆಲ್ಲ ಬೀಸಣಿಗೆ ಮಾಡಬಹುದು. ಮಿಸ್ ಗೋಡೆಯ ಕೆತ್ತನೆಯನ್ನು ದೂರದಿಂದಲೇ ಬೆರಳಲ್ಲಿ ಸವರುವಂತೆ ನೋಡಿದರು. ಬಾಯಿ ಸ್ವಲ್ಪ ತೆರೆದಿತ್ತು, ಐದನೇ ಕ್ಲಾಸಿನ ಮಗುವಿನ ಹಾಗೆ. ನನಗೆ ಹೆಮ್ಮೆ ಉಕ್ಕಿತು. ಅಷ್ಟರಲ್ಲಿ ಅವರ ಎಡಗಾಲು ಎಳೆಯುತ್ತಿರುವುದು ಕಂಡಿತು.

ಮಹಾರಾಜ ಕಾಲೇಜಿನ ಹತ್ತಿರ ಮೋಟುಗೋಡೆಯ ಮೇಲೆ ಕೂತು ಮಂಡಿ ನೀವಿಕೊಂಡರು. ಆಗಲೇ ಒಂಬತ್ತು ಹತ್ತಿರ. ಹೆಲ್ಮೆಟ್ಟಿನೊಳಗೆ ನಾನು ಎಷ್ಟು ಬೆವೆತೆನೆಂದರೆ, ಹಿಂಡಿದ್ದರೆ ಕಾರಂಜಿ ಕೆರೆ ಕೋಡಿ ಹರಿಯುತ್ತಿತ್ತು. ಅಲ್ಲಿಂದ ಮುಂದೆಯೂ ಅದೇ ಕತೆ. ಒಂದು ರಸ್ತೆ ಕಣ್ಣೆದುರಿಗೇ ಖಾಲಿ ಬಿದ್ದಿದೆ; ಹಾಳೆ ಅದನ್ನು ಬಿಟ್ಟು ಪಕ್ಕದ ಎರಡು ರಸ್ತೆ ಬಳಸಿ ಕರೆದೊಯ್ಯುತ್ತದೆ. ಮಿಸ್ ಮರುಮಾತಿಲ್ಲದೆ ಬಳಸುತ್ತಾರೆ. ಹಿಂದೆ ಬಸವ, ಗುಡುಗುಡು.

ಅಂತೂ ಚಿಕ್ಕ ಗಡಿಯಾರ. ಇಂಗ್ಲಿಷರ ವೈಸ್‌ರಾಯ್ ಒಬ್ಬ ಬಂದುಹೋದ ನೆನಪಿಗೆ ಕಟ್ಟಿದ್ದು. ಬಂದವನು ಹೋದ, ಅವನ ಹೆಸರೂ ಯಾರ ಬಾಯಲ್ಲೂ ಉಳಿಯಲಿಲ್ಲ, ನಮ್ಮ ಜನ ಅದಕ್ಕೆ ಚಿಕ್ಕ ಗಡಿಯಾರ ಅಂತ ಹೆಸರಿಟ್ಟು ನೆರಳಲ್ಲಿ ಬಾಳೆಹಣ್ಣು ಮಾರಿಕೊಂಡಿದ್ದಾರೆ. ಮಿಸ್ ಅದರ ಬುಡದಲ್ಲಿ ನಿಂತು ತಲೆ ಎತ್ತಿದರು. ಮಾರುಕಟ್ಟೆಯ ಬಾಗಿಲು ಅಲ್ಲೇ, ಕೂಗಿದರೆ ಹೂವಾಡಗಿತ್ತಿ ತಿರುಗಿ ನೋಡುವಷ್ಟು ಹತ್ತಿರ. ಅವರು ಬಾಗಿಲು ನೋಡಿದರು, ಹಾಳೆ ನೋಡಿದರು.

ಹಾಳೆ ಹೇಳುತ್ತಿತ್ತು: "ಎಡಕ್ಕೆ ತಿರುಗಿ. ಗಾಂಧಿ ಚೌಕ, ಪುರಭವನ, ದೊಡ್ಡ ಗಡಿಯಾರ ಸುತ್ತಿ ಬಂದು ಮಾರುಕಟ್ಟೆ ತಲುಪಿ."

ಮಿಸ್ ಎಡಕ್ಕೆ ತಿರುಗಿದರು. ಕುಂಟುತ್ತಾ ಹೊರಟೇಬಿಟ್ಟರು.

ನಾಲ್ಕು ಹೆಜ್ಜೆ ಸಹಿಸಿಕೊಂಡೆ. ಐದನೆಯದಕ್ಕೆ ಆಗಲಿಲ್ಲ. ಹೆಲ್ಮೆಟ್ ಕಿತ್ತು ಕೂಗಿಬಿಟ್ಟೆ: "ಮಿಸ್, ಬೇಡ! ಮಾರ್ಕೆಟ್ಟು ಇಲ್ಲೇ ಎದುರಿಗಿದೆ!"

ಅವರು ಬೆಚ್ಚಲೂ ಇಲ್ಲ. ನಿಧಾನಕ್ಕೆ ತಿರುಗಿದರು. "ಅಬ್ಬ, ಕೂಗಿದ್ರಲ್ಲ! ಕೂಗ್ತೀರೋ ಇಲ್ವೋ ನೋಡೋಣ ಅಂತಾನೇ ತಿರುಗಿದ್ದು. ಯೂ ಟರ್ನಿಂದ ಈಚೆಗೆ ನೋಡ್ತಾ ಇದೀನಿ ಸ್ವಾಮಿಯವರೇ. ನಡೆಯೋರ ಹಿಂದೆ ಸ್ಕೂಟರು ಇಷ್ಟು ಚೆನ್ನಾಗಿ ಬರಕ್ಕಾಗುತ್ತಾ? ನಡೆಯೋರು ನೇರ ಹೋಗ್ತಾರೆ, ಸ್ಕೂಟರು ಸಿಕ್ಕಾಕ್ಕೊಳುತ್ತೆ. ನೀವು ಒಂದೇ ಒಂದು ಒನ್ ವೇನೂ ಮುರೀಲಿಲ್ಲ. ಯಾಕಂದ್ರೆ ಸ್ಕೂಟರಿನ ದಾರೀಲಿ ನಡೆದೋಳು ನಾನು!"

"ಮಿಸ್, ಅದು ಏನಂದ್ರೆ..."

"ನೆರಳು, ನೆರಳು ಅಂತ ಬರ್ದಿದೀರಲ್ಲ, ಎಲ್ಲಾ ಕಡೆನೂ ಹತ್ತು ಗಾಡಿ ನಿಂತಿದ್ವು. ಪಾರ್ಕಿಂಗ್ ಜಾಗ ತೋರಿಸಿದೀರಿ ನನಗೆ! ಯಾವಾಗ ಬರೆದ್ರಿ ಇದನ್ನ?"

"ಮಂಗಳವಾರ. ಬಸವನ ಮೇಲೆ ಕೂತು. ನಲವತ್ತು ನಿಮಿಷ. ದೋಸೆ ತಿಂದಿದ್ದೂ ಸೇರಿ."

"ಸ್ಟ್ಯಾಂಡ್ ಹಾಕ್ರೀ," ಅಂದರು. ಮೂವತ್ತೊಂದು ವರ್ಷ ಪಾಠ ಮಾಡಿದ ದನಿ. ಬಸವ ನನ್ನನ್ನು ಕೇಳದೆ ತಾನೇ ಸ್ಟ್ಯಾಂಡ್ ಹಾಕಿಕೊಂಡ. "ಒಳಗೆ ಬನ್ನಿ. ನೋಡದೆ ನಾನು ಹೋಗಲ್ಲ. ಆಮೇಲೆ ಮನೆಗೆ ಬಿಡೋದು ನಿಮ್ಮ ಜವಾಬ್ದಾರಿ."

ಪಕ್ಕದಲ್ಲಿ ನಡೆದು ಹೋದೆ. ಬಾಗಿಲಲ್ಲಿ ಅವರ ಬೆರಳು ಎದ್ದು ನನ್ನ ತಲೆಯ ಕಡೆ ತೋರಿಸಿತು. "ಒಂದು. ಸರಿಯಾಗಿದೆ."

ಹನ್ನೊಂದಕ್ಕೆ ಎಂಟು ನಿಮಿಷ ಇರುವಾಗ ಕುವೆಂಪುನಗರದ ಮನೆ ಮುಂದೆ ಇಳಿಸಿದೆ. ಪ್ರಸಾದ್ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮಂಡಿ ಒತ್ತಿ ನೋಡಿದ. ಒಂದು ಬದಿ ಸ್ವಲ್ಪ ಊದಿತ್ತು.

"ನೋಡಿದ್ರಾಮ್ಮ? ಎರಡೂವರೆಗೇ ಹಿಂಗಾಗಿದೆ. ಸಾಕು, ಇನ್ಮೇಲೆ ಎಲ್ಲೂ ಬೇಡ," ಅಂದ. ಆಮೇಲೆ ನನ್ನ ಕಡೆ ತಿರುಗಿ, "ಎರಡೂವರೆನೇ ತಾನೆ ಅಂಕಲ್?"

ಮಿಸ್ ನನ್ನನ್ನು ಬಿಟ್ಟುಕೊಡಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಕೂತರು. ಅಚ್ಚಾಗಬೇಕಾದ ಹಾಳೆ ಅವರ ತೊಡೆಯ ಮೇಲೇ ಇತ್ತು, ಕೆಳಗೆ ನನ್ನ ಹೆಸರು. ಹೂಂ ಅಂದಿದ್ದರೆ ಹೆಸರು ಉಳಿಯುತ್ತಿತ್ತು, ಅವರು ಆ ಕುರ್ಚಿಯಲ್ಲೇ ಉಳಿಯುತ್ತಿದ್ದರು.

"ಎರಡೂವರೆ ಅಲ್ಲ ಪ್ರಸಾದ್," ಅಂದೆ. "ನಾನು ಅಳೆದೇ ಇಲ್ಲ. ಬಸವನ ಕಿಲೋಮೀಟರ್ ಮುಳ್ಳು ಸತ್ತು ಒಂಬತ್ತು ವರ್ಷ ಆಯ್ತು. ಬಾಯಿಗೆ ಬಂದದ್ದು ಬರೆದೆ. ಒನ್ ವೇ ಎಲ್ಲ ಸುತ್ತಿಸಿದೀನಿ ನಿಮ್ಮಮ್ಮನ್ನ. ನಿನ್ನ ಫೋನಲ್ಲಿ ಚಿಕ್ಕ ಗಡಿಯಾರದವರೆಗೆ ಹಾಕಿ ನೋಡು."

ಹಾಳೆ ನೋಡಿ ಅವನು ದಾರಿಯನ್ನು ಬೆರಳಲ್ಲಿ ಎಳೆದ. ತಿರುವು ತಿರುವಿಗೂ ಅವನ ಹುಬ್ಬು ಮೇಲೇರಿತು. "ಐದೂ ಮುಕ್ಕಾಲು," ಅಂದ. ನನ್ನ ಮೇಲೆ ಸಿಟ್ಟು ಮಾಡಬೇಕೋ ತಾಯಿಯನ್ನು ನೋಡಬೇಕೋ ತಿಳಿಯದೆ ಕೊನೆಗೆ ತಾಯಿಯನ್ನೇ ನೋಡಿದ. "ಅಮ್ಮ, ಐದೂ ಮುಕ್ಕಾಲು ನಡೆದ್ರಾ? ಈ ಮಂಡೀಲಿ?"

"ಕೂತ್ಕೊಂಡು ಕೂತ್ಕೊಂಡು ಹೋದೆ ಕಣೋ. ಚೆನ್ನಾಗಿತ್ತು."

ಅವನು ಒಳಗೆ ಹೋಗಿ ಐಸ್ ಪ್ಯಾಕ್ ತಂದ. ಮಂಡಿಗಿಡುತ್ತಾ, "ಐದೂ ಮುಕ್ಕಾಲಿಗೆ ಇಷ್ಟೇನಾ ಊದಿದ್ದು? ಮುಂದಿನ ಭಾನುವಾರ ಎರಡೂವರೆ ಅಂದ್ರೆ ಎರಡೂವರೆನೇ," ಅಂದ. "ನಾನೇ ಅಳೆದು ಕೊಡ್ತೀನಿ." ಮಿಸ್ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಅಲ್ಲ ಅಂಕಲ್, ಅಮ್ಮ ಐದೂ ಮುಕ್ಕಾಲು ಸರಿ. ನೀವೆಷ್ಟು ನಡೆದ್ರಿ?"

ಸಯ್ಯಾಜಿರಾವ್ ರಸ್ತೆ ಇದ್ದಷ್ಟೇ ಎತ್ತರ ಇದೆ ಕಣ್ರೀ, ಅಳೆಯಲು ಹೋಗಬೇಡಿ. ಹೆಂಡತಿ ಆ ಮಾರುಕಟ್ಟೆಗೆ ವಾರಕ್ಕೆರಡು ಸಲ ಹೋಗುತ್ತಾಳೆ; ನಾನು ಮದುವೆಯಾದಾಗಿನಿಂದ ಹೊರಗೆ ಸ್ಕೂಟರ್ ಕಾಯುತ್ತಾ ನಿಂತವನು. ಅವತ್ತು ಮೊದಲ ಸಲ ಒಳಗೆ ಹೋದೆ. ಸ್ಟ್ಯಾಂಡ್ ಹಾಕಿದ ಕಡೆಯಿಂದ ಕುಂಕುಮದ ಗುಡ್ಡೆಗಳನ್ನು ದಾಟಿ, ಮಲ್ಲಿಗೆ ಸಾಲಿನವರೆಗೆ, ಅಲ್ಲಿಂದ ವಾಪಸ್. ಇನ್ನೂರ ಹನ್ನೊಂದು ಹೆಜ್ಜೆ. ಅದನ್ನೂ ಎಣಿಸಿದ್ದು ಮಿಸ್. ನಾನು ಅರವತ್ತರ ಹತ್ತಿರವೇ ಲೆಕ್ಕ ತಪ್ಪಿದೆ, ಬಾಯಿ ಬಿಟ್ಟುಕೊಂಡು ಸೂರು ನೋಡುತ್ತಿದ್ದೆ.